ಬಿಸಿಲು ಕಾಣದ ಉಪ್ಪು

ಮರಿಯುಪೋಲ್ ಬಂದರಿನಲ್ಲಿ ಕ್ರೇನು ಕೆಟ್ಟು
ನಾಲ್ಕು ದಿನ ನಿಂತಿತು ನಮ್ಮ ಹಡಗು.
ಹೊಟ್ಟೆಯಲ್ಲಿ ಅರ್ಧ ಉಕ್ಕಿನ ಸುರುಳಿ,
ಇನ್ನರ್ಧ ಧಕ್ಕೆಯ ಮೇಲೆ, ಮಳೆಯಲ್ಲಿ.
ದಡದುದ್ದ ಚಿಮಣಿ. ಒಂದೊಂದಕ್ಕೆ ಒಂದೊಂದು ಬಣ್ಣದ ಹೊಗೆ:
ಇಟ್ಟಿಗೆಯದು, ಬೂದಿಯದು, ಎಲೆ ತಿಂದ ಹಲ್ಲಿನದು.
ಬಿಳಿ ಅಂಗಿ ಒಗೆದು ಡೆಕ್ಕಿನಲ್ಲಿ ಹರವಿದ ಅಡುಗೆಯವನಿಗೆ
ಸಂಜೆ ಸಿಕ್ಕಿದ್ದು ಕಾವಿ.

ಉಳಿದವರು ಬೀರಿನಂಗಡಿಗೆ ಹೋದರು.
ನಾನು, ಸಾಣಿಕಟ್ಟಾದ ಬೊಮ್ಮಯ್ಯ ಆಗೇರ, ಆಯಿಲ್‌ಮನ್,
ಮ್ಯೂಸಿಯಮ್ಮಿಗೆ ಹೋದೆ.
ಎಂತಕ್ಕೆ ಅಂದರೆ, ಒಳಗೆ ಬೆಚ್ಚಗಿತ್ತು.

ಬಾಗಿಲಲ್ಲೇ ಒಬ್ಬಳು ಅಜ್ಜಿ ನನ್ನ ಬೂಟು ನೋಡಿ
ಕಂಬಳಿಯ ಚಪ್ಪಲಿ ಕೊಟ್ಟಳು, ಬೂಟಿನ ಮೇಲೇ ಹಾಕುವಂಥದ್ದು.
ನಮ್ಮಲ್ಲಾದರೆ ಕಳಚಬೇಕು,
ಇಲ್ಲಿ ಇನ್ನೊಂದು ಜೋಡಿ.
ನಾನು ಕೋಣೆಗೆ ಹೊಕ್ಕರೆ ದೀಪ ಹಾಕುವಳು,
ದಾಟಿದರೆ ಆರಿಸುವಳು.
ನೋಡುವವ ನಿಂತಷ್ಟೇ ಹೊತ್ತು ಇದ್ದವು
ಯಾರದೋ ಕುಡುಗೋಲು, ಮದುವೆಯ ರುಮಾಲು,
ಕುಲುಮೆಯವನ ಸುಟ್ಟ ಕೈಗವಸು.
ಕೈಗವಸಿಗೆ ಗಾಜಿನ ಪೆಟ್ಟಿಗೆ!
ಬೆರಳು ಮಡಚಿದ ಗುರುತು ಇನ್ನೂ ಹಾಗೇ.

"ಇಂದಿಯಾ?" ಎಂದಳು. "ಇಂದಿಯಾ" ಎಂದೆ.
ಹಡಗಿನ ಕೆಲಸ ಕೈಸನ್ನೆಗೆ ಬರಲಿಲ್ಲ,
ಮನೆಯದನ್ನು ಮಾಡಿ ತೋರಿಸಿದೆ:
ಬಗ್ಗಿ ಗಾಳಿಯಲ್ಲಿ ಹಲಗೆ ಎಳೆದೆ, ರಾಶಿ ಹಾಕಿದೆ,
ಚಿಟಿಕೆ ತೆಗೆದು ನಾಲಿಗೆಗಿಟ್ಟೆ.
ಅಜ್ಜಿ ಚಪ್ಪಾಳೆ ತಟ್ಟಿ "ಸೋಲ್!" ಎಂದಳು.
ಸೋಲು ಎಂದೇ ಕೇಳಿತು ನನಗೆ.
ಹೌದು ಎಂದು ತಲೆಯಾಡಿಸಿದೆ.
ಚೀಟಿಯಲ್ಲಿ ಬಸ್ಸಿನ ನಂಬರು ಬರೆದುಕೊಟ್ಟಳು.

ಮರುದಿನ ನಾಲ್ಕು ತಾಸು.
ಕಲ್ಲಿದ್ದಲ ಕಸದ ದಿಬ್ಬ, ಸೂರ್ಯಕಾಂತಿಯ ಒಣದಂಟು,
ಮತ್ತೆ ದಿಬ್ಬ.
ಆಮೇಲೆ ಪಂಜರದಂಥ ಲಿಫ್ಟು, ಕಿವಿ ಕಟ್ಟುವಷ್ಟು ಆಳ.
ಗೋಡೆ ಉಪ್ಪು, ನೆಲ ಉಪ್ಪು, ಮಾಡು ಉಪ್ಪು.
ಹಳೇ ಸಮುದ್ರವಂತೆ ಅದು,
ಯಾರೋ ಮಡಚಿಟ್ಟು ಮರೆತದ್ದು.
ಬಿಸಿಲಿಲ್ಲ, ಭರತವಿಲ್ಲ, ಕಾಯಲು ಜಂತ್ರಡಿಯಿಲ್ಲ,
ಮೇ ತಿಂಗಳಲ್ಲಿ ಮೋಡ ಕಂಡು ಓಡುವುದಿಲ್ಲ.
ನಡುವೆ ಉಪ್ಪಿನಲ್ಲೇ ಕಡೆದ ಕುದುರೆ, ಆಳೆತ್ತರದ್ದು.
ಯಾರೂ ಇಲ್ಲದಾಗ ಅದರ ಮೂಗು ನೆಕ್ಕಿದೆ.
ಉಪ್ಪೇ.

ಮುಷ್ಟಿಯಷ್ಟು ಕಲ್ಲು ಕೊಂಡು ಊರಿಗೆ ತಂದೆ.
ಮೂವತ್ತೆರಡು ಬೇಸಿಗೆ ಆಗರದಲ್ಲಿ ನಿಂತ ಅವ್ವಿ
ಬಲ್ಬಿಗೆ ಹಿಡಿದು ನೋಡಿದಳು, ಆಚೆ ಬೆಳಕು ಬಂತು.
ಚೂರು ಒಡೆದು ಬಾಯಿಗೆ ಹಾಕಿದಳು.
"ಸಪ್ಪೆಯಲ್ಲ," ಎಂದಳು, "ಆದ್ರೆ ಕೆಸರಿನ ರುಚಿಯೇ ಇಲ್ಲ.
ಬಿಸಿಲು ಕಾಣದ್ದು."
ಸುಮಾರು ಹೊತ್ತು ಬಿಟ್ಟು:
"ಅಲ್ಲಿ ಕಡಿಯೂರ ಕಾಲು ಹೆಂಗೆ ಇದ್ದೋ?"

ಕಾಲು ನೋಡಿರಲಿಲ್ಲ ನಾನು.
ಕುದುರೆ ನೋಡಿದ್ದೆ.

ಜೂನಿನಲ್ಲಿ ಕಪಾಟಿನೊಳಗೆ ಕಲ್ಲು ಬೆವರಿತು.
ಅವ್ವಿ ಅಡಿಗೊಂದು ತಟ್ಟೆ ಇಟ್ಟಳು,
ಆ ನೀರನ್ನು ಚೆಲ್ಲದೆ ಗಂಜಿಗೆ ಹಾಕಿದಳು.
ಹೀಗೆ ಆರು ಮಳೆಗಾಲಕ್ಕೆ
ಮುಗಿಸಿದೆವು ಪರದೇಶದ ಸಮುದ್ರ.

ಆಮೇಲೆ ಟೀವಿಯಲ್ಲಿ ಬಂತು ಆ ಊರು.
ಚಿಮಣಿ ಗುರುತು ಸಿಕ್ಕಿತು; ಹೊಗೆ ಒಂದೇ ಬಣ್ಣ.
ಸುದ್ದಿ ಓದುವವನ ಬಾಯಿಗೆ ಊರ ಹೆಸರು ಸಿಗಲಿಲ್ಲ.
ಅಜ್ಜಿ ದೀಪ ಆರಿಸಿ ಹೊರಟಳೋ,
ಹಾಗೇ ಬಿಟ್ಟು ಓಡಿದಳೋ.
ಆಗಲೇ ಮುದುಕಿ ಅವಳು; ಇರಲಾರಳು ಅಂದುಕೊಂಡೆ,
ಅದೇ ಒಳ್ಳೆಯದು ಅಂದುಕೊಂಡು ನಾಚಿದೆ.

ಕಾರವಾರಕ್ಕೆ ಹೋದಾಗೆಲ್ಲ ಮಗಳಿಗೆ
ಕಡಲ ದಂಡೆಯ ಯುದ್ಧನೌಕೆ ನೋಡಬೇಕು.
ಟಿಕೆಟ್ ತೆಗೆದು ಹತ್ತುತ್ತೇವೆ.
ತೋಪಿನ ಹತ್ತಿರ ನಿಲ್ಲಿಸಿ ಫೋಟೋ ತೆಗೆಯುತ್ತೇನೆ.
"ಯಾರ ಮೇಲೆ ಹೊಡೀತಿದ್ರು ಅಪ್ಪಾ?"
ಬೋರ್ಡು ಓದು ಎನ್ನುತ್ತೇನೆ.

ಅವ್ವಿಯ ಹಲಗೆ ಸೌದೆ ಕೋಣೆಯಲ್ಲಿದೆ,
ಗೋಡೆಗೆ ಒರಗಿಸಿದ್ದು, ಅವಳೇ ಇಟ್ಟ ಜಾಗದಲ್ಲಿ.
ಮೊನ್ನೆ ತೆಂಗಿನ ಸಿಪ್ಪೆಗೆಂದು ಹೋದೆ. ಕರೆಂಟಿರಲಿಲ್ಲ.
ಕತ್ತಲಲ್ಲಿ ಕೈಗೆ ಅದೇ ತಾಗಿತು.
ಹಿಡಿ ಸವೆದ ಗುಳಿಯಲ್ಲಿ ಬೆರಳು ಕೂರಿಸಿ ನೋಡಿದೆ.
ಕೂರಲಿಲ್ಲ.
ಅವಳ ಕೈ ಇಷ್ಟು ಸಣ್ಣದಿತ್ತೆಂದು
ಗೊತ್ತಿರಲಿಲ್ಲ.