ಆರನೇ ಕಾಲಂ

ಇಂಡಿಯ ಎಪಿಎಂಸಿ ಅಂಗಳ, ಸಂಜೆಯ ಸಭೆ.
ಲಿಂಬಿ ಸವಾಲು ಮುಗಿದು ಎರಡು ತಾಸಾದರೂ
ತುಳಿದ ಹಣ್ಣಿನ ಹುಳಿ ನೆಲ ಬಿಟ್ಟಿರಲಿಲ್ಲ.
ನನಗೆ ಚುನಾವಣೆ ಡ್ಯೂಟಿ.
ಪಕ್ಕದಲ್ಲಿ ಕ್ಯಾಮೆರಾದ ಹುಡುಗ ಸೈದಪ್ಪ, ಹಣೆ ತುಂಬ ವಿಭೂತಿ;
ತೊಡೆಯ ಮೇಲೆ ನಮೂನೆ:
ಪೆಂಡಾಲು ಎಷ್ಟು ಅಡಿ, ಖುರ್ಚಿ ಎಷ್ಟು, ಜೀಪು ಎಷ್ಟು,
ಚಹಾ ಯಾರ ಖರ್ಚಿನದು, ಹಾರದ ತೂಕ.
ಆರನೇ ಕಾಲಂ: ಭಾಷಣದಲ್ಲಿ ದೇವರು ಬಂದ ವೇಳೆ.

ಆರೂ ನಲವತ್ತೆರಡಕ್ಕೆ ಬಂದ,
ಅಭ್ಯರ್ಥಿಗಿಂತ ನಾಲ್ಕೇ ನಿಮಿಷ ತಡವಾಗಿ.
ಆಮೇಲೆ ಅವನನ್ನು ಕೂಡಲು ಬಿಡಲಿಲ್ಲ,
ಎಬ್ಬಿಸಿ ಎಬ್ಬಿಸಿ ನಿಲ್ಲಿಸಿದರು.
ನಾನು ಹಾಲಿನವರ ಲೆಕ್ಕದ ಹಾಗೆ
ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುತ್ತ ಹೋದೆ.
ಹಿಂದಿನ ಸಾಲಿನ ಮುದುಕನೊಬ್ಬ ಎದ್ದು
"ಲಿಂಬಿಗೆ ಕೋಲ್ಡ್ ಸ್ಟೋರೇಜ್ ಯಾವಾಗ್ರಿ, ಸಾಹೇಬ್ರ?" ಅಂದ.
ಉತ್ತರಕ್ಕೆ ಘೋಷಣೆ ಬಂತು. ಮೂರು ಗೀಟು.
ಅಭ್ಯರ್ಥಿ "ನಮ್ಮವರು" ಅನ್ನುವಾಗ ಎದೆ ಮುಟ್ಟಿಕೊಂಡರು,
"ಅವರು" ಅನ್ನಲೇ ಇಲ್ಲ,
ಕೈಯನ್ನಷ್ಟೇ ಬಾಗವಾನರ ಓಣಿಯ ಕಡೆ ಚಾಚಿದರು.
ಜನ ನಕ್ಕರು.
ಚಾಚಿದ ಕೈಗೆ ಕಾಲಂ ಇರಲಿಲ್ಲ.

ನಮ್ಮವ್ವ ಆಕಳಿಸಿದರೂ ಶಿವನೇ,
ಹಾಲು ಉಕ್ಕಿದರೂ ಶಿವನೇ,
ಕರೆಂಟು ಹೋದರೆ ಶಿವನೇ, ಬಂದರೂ ಅವನೇ.
ಗೋಡೆಯಾಚೆ ಹಮೀದಾಬಿ ಮೊಣಕಾಲು ಹಿಡಿದು ಏಳುತ್ತ
ಯಾ ಅಲ್ಲಾ ಅಂದರೆ
ಈಚೆಯಿಂದ ಅವ್ವ: "ಎಣ್ಣಿ ಹಚ್ಚಲಿಲ್ಲೇನ ಇವತ್ತ?"
ಇಬ್ಬರೂ ಇದೇ ಅಂಗಳದಲ್ಲಿ ಲಿಂಬಿ ಆರಿಸಿದವರು,
ಮೂವತ್ತು ವರ್ಷ.
ಸೀಳಿದ ಬೆರಳಿಗೆ ರಸ ತಾಗಿದಾಗ
ಯಾರು ಯಾರನ್ನು ಕರೆದರೋ,
ಬರೆದುಕೊಳ್ಳುವವರು ಯಾರೂ ಕೂತಿರಲಿಲ್ಲ.

ರಾತ್ರಿ ತಾಲೂಕು ಕಚೇರಿ. ಕೂಡಿಸಿದೆ: ಅರವತ್ತೊಂದು.
ಷರಾದಲ್ಲಿ ಬರೆದೆ: ಕೈ ಚಾಚಿದರು, ಪಡುವಣಕ್ಕೆ.
ಸಾಹೇಬರು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರು:
"ದಿಕ್ಕಿಗೆ ಎಲ್ಲಿ ಜಾತಿ ಐತ್ರಿ, ಮೇಡಂ?"
"ಚಾಚಿದ ಕೈಗೆ ಐತ್ರಿ" ಅನ್ನಬೇಕಿತ್ತು.
ಅನ್ನಲಿಲ್ಲ. ಸಹಿ ಹಾಕಿದೆ.

ಖುರ್ಚಿಯಿಂದ ಏಳುವಾಗ ನಡ ಹಿಡಿಯಿತು.
"ಯಪ್ಪಾ ಶಿವನ!" ಅಂದುಬಿಟ್ಟೆ.
ವೈರು ಸುತ್ತುತ್ತಿದ್ದ ಸೈದಪ್ಪ ತಲೆ ಎತ್ತದೆ ಅಂದ,
"ಅರವತ್ತೆರಡ್ರಿ."