ಅಳಿವೆಯ ಈಚೆ

ಹೆಡ್‌ಮಾಸ್ತರರಿಗೆ ಬೇಕಾದದ್ದು ಐದು ನಿಮಿಷದ ಮಾರ್ಚು.
ಜನ ಎದ್ದು ನಿಲ್ಲಬೇಕು, ಬಂದರಿನ ಸಾಹೇಬರು ತಲೆದೂಗಬೇಕು,
ವಾದ್ಯ ಕೊಡಿಸಿದವರಿಗೆ ದುಡ್ಡು ದಂಡವಾಯಿತು ಅನಿಸಬಾರದು.
"ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಊದಿದವರು ನೀವು, ಬರೆಟ್ಟೊ ಸರ್,
ನಿಮಗೇನು ಕಷ್ಟ?"

ಕಷ್ಟ ನನಗಲ್ಲ.
ಸುಕಾಂತಿ ಹರಿಕಂತ್ರಳ ಕಿರುಬೆರಳಿಗೆ,
ಕ್ಲ್ಯಾರಿನೆಟ್ಟಿನ ಕೊನೆಯ ಕೀಲಿಗೆ ಅದು ಅರ್ಧ ಇಂಚು ಮೋಟು.
ಆರನೇ ಇಯತ್ತೆಯ ದಿಗಂಬರನ ಬಲಗೈಗೆ,
ಟ್ರೊಂಬೋನಿನ ಏಳನೇ ಮನೆ ಅವನಿಂದ ಒಂದು ಗೇಣು ಆಚೆ,
ಎಟುಕಿಸಲು ಹೋಗಿ ಮುಂದೆ ಕೂತವಳ ಜಡೆಗೆ ಬಡಿಯುತ್ತಾನೆ.
ಕಬಡ್ಡಿಯಲ್ಲಿ ಹಲ್ಲು ಮುರಿದುಕೊಂಡ ಆಗ್ನೆಲನ ಉಸಿರಿಗೆ,
ಅರ್ಧ ಕಾರ್ನೆಟ್ಟಿಗೆ, ಅರ್ಧ ಸಂದಿಗೆ.

ರಾತ್ರಿ ಟ್ರಂಕು ತೆಗೆದೆ.
ಕೋಡಿಬಾಗದ ಈ ಬಾಡಿಗೆ ಮನೆಯಲ್ಲಿ
ಹಡಗಿನ ವಾಸನೆ ಉಳಿದಿರುವುದು ಅದರಲ್ಲಿ ಮಾತ್ರ.
ಇದು ಬೇಡ. ಮೊದಲ ಪುಟ ಚಂದ, ಎರಡನೆಯದರಲ್ಲಿ
ಸೊಳ್ಳೆ ಕೂತಂತೆ ಕರಿಯ ಸ್ವರಗಳು.
ಇದೂ ಬೇಡ. ಕಾರ್ನೆಟ್ಟಿನವರಿಗೆ ಹಬ್ಬದೂಟ,
ಉಳಿದವರಿಗೆ ಪಾತ್ರೆ ತೊಳೆವ ಕೆಲಸ.
ಟ್ಯೂಬಾದ ಹುಡುಗ ಇಡೀ ವರ್ಷ ಪೊಂ, ಪೊಂ ಎಂದು ಊದಿ
ಅವ್ವ "ಏನು ಕಲಿತ್ಯೋ?" ಅಂದರೆ
ಪೊಂ ಅನ್ನಬೇಕೆ?
ಇದೊಂದು ಸುಲಭದ್ದು, ಬರಿ ಸಕ್ಕರೆ ನೀರು.
ಮೂರನೇ ದಿನಕ್ಕೆ ಉಗುಳುತ್ತಾರೆ.
ಮಕ್ಕಳ ಬಾಯಿ ಸಣ್ಣದಿರಬಹುದು,
ಕಿವಿ ಸಣ್ಣದಲ್ಲ.

ಕ್ಲ್ಯಾರಿನೆಟ್ಟಿನಲ್ಲೊಂದು ಅಳಿವೆ ಇದೆ.
ಕೆಳಗಿನ ಸ್ವರಗಳು ಹೊಳೆ, ಮೇಲಿನವು ಸಮುದ್ರ,
ನಡುವೆ ಕಾಣದ ಮರಳ ದಿಬ್ಬ.
ಎಲ್ಲ ಬೆರಳು ಎತ್ತಿ ಹಗುರ ನಿಂತವಳು
ಒಮ್ಮೆಲೇ ಎಲ್ಲ ತೂತೂ ಮುಚ್ಚಿಕೊಂಡು ದಾಟಬೇಕು.
ದೋಣಿ ಮಗುಚುವುದು ಅಲ್ಲೇ.
ಬಾತುಕೋಳಿ ಕೂಗುತ್ತದೆ, ತರಗತಿ ನಗುತ್ತದೆ,
ಮರುದಿನ ಹುಡುಗಿಗೆ ಹೊಟ್ಟೆನೋವು.

ಸುಕಾಂತಿಯ ಅಪ್ಪ ತಾಂಡೇಲ.
ಬೈತಖೋಲದಲ್ಲಿ ಸಿಕ್ಕಾಗ ಕೇಳಿದೆ,
ಹೊಸ ಹುಡುಗರ ಕೈಗೆ ಅಳಿವೆಯಲ್ಲಿ ಚುಕ್ಕಾಣಿ ಯಾವಾಗ ಕೊಡ್ತೀ?
ಬಲೆಯ ಗಂಟು ಬಿಡಿಸುತ್ತಲೇ ಅಂದ,
"ಮೊದಲ ವರ್ಷ ಇಲ್ಲ ಸರ್.
ಮೊದಲ ವರ್ಷ ತಳದ ನೀರು ತೋಡಲಿ, ತೆರೆ ಎಣಿಸಲಿ.
ಎಣಿಸದೆ ಹೋದವ
ಸಂಜೆ ನಮ್ಮ ಎಣಿಕೆಗೆ ಸಿಗೂದಿಲ್ಲ."

ಎಣಿಸುವುದು.
ಕೊಚ್ಚಿಯಲ್ಲಿ, ಹತ್ತೊಂಬತ್ತರಲ್ಲಿ, ನನ್ನ ಮೊದಲ ಕಚೇರಿ.
ಎಂಟು ಮಾತ್ರೆ ಸುಮ್ಮನಿರಬೇಕಿತ್ತು, ಏಳಕ್ಕೇ ಎದ್ದೆ.
ಆ ಒಂದು ಸ್ವರ ಇವತ್ತಿಗೂ ಅಲ್ಲೆಲ್ಲೋ
ಬಿಳಿ ಬೂಟು ಹಾಕಿಕೊಂಡು ಒಬ್ಬನೇ ನಿಂತಿದೆ.

ಟ್ರಂಕಿನ ತಳದಲ್ಲಿ ಎರಡು ಪುಟ,
ಬರೆದವನ ಹೆಸರಿದ್ದ ಮೂಲೆ ಇಲಿಯ ಪಾಲು.
ಐದೇ ಸ್ವರ. ಆದರೆ ಐದೂ
ಬೇರೆ ಬೇರೆ ಬಾಗಿಲಿಂದ ಒಳಬರುತ್ತವೆ.
ಪೆನ್ಸಿಲು ಚೂಪು ಮಾಡಿದೆ.
ಕಾರ್ನೆಟ್ಟಿನಿಂದ ನಾಲ್ಕು ಸಾಲು ಕಿತ್ತು ಟ್ಯೂಬಾಕ್ಕೆ ಕೊಟ್ಟೆ,
ಏಳನೇ ಮನೆಗೆ ಬೀಗ ಹಾಕಿದೆ,
ಆಗ್ನೆಲನಿಗೆ ಎರಡು ಕಡೆ ಬಾಯಿ ಒರೆಸಿಕೊಳ್ಳುವಷ್ಟು ಮೌನ.
ವಾದ್ಯ ಸಾಲದೆ ಉಳಿದ ಬೊಮ್ಮು ಗೌಡ
ಮನೆಯಿಂದ ಗುಮಟೆ ತರುತ್ತಾನಂತೆ, ತರಲಿ.
ಅವನಿಗೆ ಕಾಗದ ಬೇಡ,
ಉಳಿದವರು ಅವನನ್ನು ಓದಿಕೊಳ್ಳುತ್ತಾರೆ.

"ಎಷ್ಟು ಹೊತ್ತಿನದು?"
"ಎರಡು ನಿಮಿಷ, ಹತ್ತು ಸೆಕೆಂಡು."
"ಅಷ್ಟೇನಾ?"
ಅಷ್ಟೇ ಸರ್. ಈ ವರ್ಷ ಅಳಿವೆಯ ಈಚೆ.
ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿದರು,
ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಇವತ್ತು ಎಲ್ಲರೂ ಹೋದ ಮೇಲೆ
ಹಿಂದಿನ ಜಗಲಿಯಲ್ಲಿ ಒಂದು ಬಾತುಕೋಳಿ.
ಸ್ವಲ್ಪ ಹೊತ್ತು ಏನೂ ಇಲ್ಲ.
ಮತ್ತೆ ಬಾತುಕೋಳಿ.
ಮತ್ತೆ, ಉಸಿರೆಳೆದುಕೊಂಡದ್ದು ನನಗೂ ಕೇಳುವಂತೆ,
ನಾನು ಕೊಡದ ಸ್ವರವೊಂದು ತೆಳ್ಳಗೆ,
ಅರ್ಧ ಕ್ಷಣ.

ತಿರುಗಿ ನೋಡಲಿಲ್ಲ.
ಕಪಾಟಿಗೆ ಬೀಗ ಹಾಕುವುದನ್ನು
ತುಸು ನಿಧಾನ ಮಾಡಿದೆ.