ಎರಡು ಗೆರೆ

ಹಲಗೆಕೋಲು ಎಳೆಯುತ್ತ ಹಿಂದೆ ಹಿಂದೆ ನಡೆಯುತ್ತೇನೆ
ಸಾಣಿಕಟ್ಟೆಯ ಆಗರದಲ್ಲಿ. ಏಪ್ರಿಲ್, ಹನ್ನೊಂದು ಗಂಟೆ.
ಕೆನೆಗಟ್ಟಿದ ಉಪ್ಪು ಮಡಚಿಕೊಂಡು ನನ್ನ ಕಡೆಗೇ ಬರುತ್ತದೆ.
ಬದುವಿನ ಮೇಲೆ ಬುಟ್ಟಿ ಕವುಚಿ ಕೂತ ಹೊನ್ನಿ
"ಹಿಮ ಅಂದ್ರೆ ಹಿಂಗೇ ಅಲ್ಲವಾ?" ಅನ್ನುತ್ತಾಳೆ,
ಇಪ್ಪತ್ತನೆಯ ಸಲ.

ಹೀಗಲ್ಲ.
ಹಿಮ ಅಂಗಾಲಿನ ಒಡಕಿನೊಳಗೆ ಕೂತು ಉರಿಸುವುದಿಲ್ಲ.
ಬೆರಳನ್ನೇ ಒಯ್ಯುತ್ತದೆ, ಕೇಳದೆ.
ನನ್ನ ಎಡಗಾಲಿನ ಕಿರುಬೆರಳು ಅಲ್ಲೇ ಉಳಿಯಿತು, ಲಡಾಖಿನಲ್ಲಿ.

ಪಲ್ಟನ್ನಿನಲ್ಲಿ ನನ್ನದು ದಾರಿ ಮಾಡುವ ಕೆಲಸ.
ಸ್ಕೀ ಕಲಿಯುವ ಹುಡುಗರು ಏಳುವ ಮೊದಲು, ನಸುಕಿನ ನಾಲ್ಕಕ್ಕೆ,
ಹಿಮದ ಸ್ಕೂಟರಿನ ಬೆನ್ನಿಗೆ ಕಬ್ಬಿಣದ ಕೊರಡು ಕಟ್ಟಿ
ರಾತ್ರಿ ಬಿದ್ದದ್ದನ್ನು ಒತ್ತಿ, ಸಮ ಮಾಡಿ,
ಕೊನೆಗೆ ಎರಡು ಗೆರೆ, ಗೇಣು ಅಂತರ,
ಮಕ್ಕಳ ಗಾಡಿ ಎಳೆದ ಹಾಗೆ.
ಹಿಂದೆಯೇ ಸ್ಟಾನ್ಜಿನ್, ಹಣೆಗೆ ಟಾರ್ಚು,
ಗೆರೆ ಸರಿಯಿದೆಯೇ ಎಂದು ಜಾರಿ ನೋಡುತ್ತಿದ್ದ.
ಎಡಗಾಲು, ಸುಯ್. ಬಲಗಾಲು, ಸುಯ್.
ಆರು ಕಿಲೋಮೀಟರಿಗೆ ಅಷ್ಟೇ ಮಾತು.

ತಿರುವಿನಲ್ಲಿ ಬಿಸಿನೀರ ಬುಗ್ಗೆ.
ಮೊದಲು ವಾಸನೆ, ಸುಟ್ಟ ಪಟಾಕಿಯದು.
ಆಮೇಲೆ ಆವಿ, ಟಾರ್ಚಿನ ಬೆಳಕನ್ನೂ ಕುಡಿದುಬಿಡುವ ಆವಿ.
ಅಲ್ಲಿ ಐವತ್ತು ಹೆಜ್ಜೆ ಗೆರೆ ನಿಲ್ಲುತ್ತಿರಲಿಲ್ಲ.
ದಿನಾ ಹಾಕಿದೆ, ದಿನಾ ಕರಗಿತು.
ಬುಗ್ಗೆಗೆ ಬೈಯಲಾಗದೆ ಸುಬೇದಾರರು ನನಗೆ ಬೈದರು.

ಒಂದು ಬೆಳಗ್ಗೆ ಸ್ಟಾನ್ಜಿನ್ ಬೂಟು ಬಿಚ್ಚಿ ಕಾಲು ಇಳಿಬಿಟ್ಟ.
ನಾನೂ ಬಿಟ್ಟೆ.
ಮರಗಟ್ಟಿದ್ದ ಒಂಬತ್ತು ಬೆರಳಿಗೂ ಜೀವ ಬರುವ ನೋವು!
"ಅವ್ವೇ" ಅಂದೆ ನಮ್ಮೂರ ದನಿಯಲ್ಲಿ.
ನೀರು ಸಿಡಿದು ತುಟಿಗೆ ಬಿತ್ತು.
"ಏನಂದೆ?" ಅಂತ ಅವನು ಹಿಂದಿಯಲ್ಲಿ ಕೇಳಿದ.
"ಉಪ್ಪು" ಅಂದೆ ಕನ್ನಡದಲ್ಲಿ.

ಇದನ್ನೆಲ್ಲ ಹೊನ್ನಿಗೆ ಎಷ್ಟು ಹೇಳಿದರೂ ಹಿಡಿಸದು.
ಸಂಜೆ ಮೇಸ್ತ್ರಿ ಮನೆಗೆ ಹೋದ ಮೇಲೆ
ದೋಣಿಯ ಎರಡು ಹಳೆ ಹಲಗೆಗೆ
ಬಲೆಯ ಹಗ್ಗದಿಂದ ಪಾದ ಬಿಗಿದುಕೊಂಡು,
ಸೀರೆ ಕಚ್ಚೆ ಹಾಕಿ,
ಎರಡು ಬಿದಿರು ಊರಿಕೊಂಡು ಪಾತಿಗೆ ಇಳಿದಳು.
ಬಿಸಿಲಿಡೀ ಕಾದ ನೀರು ಇನ್ನೂ ಬೆಚ್ಚಗಿತ್ತು.
ಎಡಗಾಲು. ಬಲಗಾಲು. ಮೂರನೆಯದಕ್ಕೆ ಬಿದ್ದಳು.
ಬಿದ್ದಲ್ಲೇ ಕೂತು, ಮೊಣಕೈಯ ಉಪ್ಪು ಒರೆಸುತ್ತ,
"ಇದ್ಕೆ ಸರ್ಕಾರ ಸಂಬ್ಳ ಕೊಡ್ತಿತ್ತಾ ನಿಂಗೆ?"

ಬೆಳಗ್ಗೆ ಬಂದು ನೋಡಿದರೆ
ಅವಳ ಗೆರೆಗಳಲ್ಲಿ ನೀರು ಇಂಗಿ ಹರಳು ಕಟ್ಟಿತ್ತು,
ಎರಡು ಸಾಲು, ಬಿಳಿ, ವಾರೆಕೋರೆ,
ಕರಗದೆ.
ಮೇಸ್ತ್ರಿ ಬರುವ ಹೊತ್ತಾಗಿತ್ತು.
ಹಲಗೆಕೋಲು ತೆಗೆದುಕೊಂಡು
ಉಳಿದ ಪಾತಿಯೆಲ್ಲ ಮೊದಲು ಎಳೆದೆ.